ತಾಯಿ ಕಾರ್ಡಿನ ಆ ಒಂದು ಖಾನೆ: ಹೊಟ್ಟೆಯ ಮಗುವಿಗೆ ಸಿಫಿಲಿಸ್ ದಾಟದಂತೆ ನೋಡಿಕೊಳ್ಳುವುದು ಹೇಗೆ

ಮೊದಲು ತಾಯಿ ಕಾರ್ಡ್ ತೆಗೆಯಿರಿ. ರಕ್ತ ಪರೀಕ್ಷೆಗಳ ಪಟ್ಟಿ ಇರುವ ಪುಟಕ್ಕೆ ಹೋಗಿ. ಹಿಮೋಗ್ಲೋಬಿನ್ ಬರೆದಿರುತ್ತಾರೆ, ರಕ್ತದ ಗುಂಪು ಬರೆದಿರುತ್ತಾರೆ, ಎಚ್‌ಐವಿ ಮುಂದೆ ಒಂದು ಸೀಲು ಬಿದ್ದಿರುತ್ತದೆ. ಅದರ ಆಸುಪಾಸಿನಲ್ಲೇ ಸಿಫಿಲಿಸ್ ಅಂತಲೋ ವಿಡಿಆರ್‌ಎಲ್ ಅಂತಲೋ (ಅದು ಸಿಫಿಲಿಸ್ ರಕ್ತ ಪರೀಕ್ಷೆಯ ಹೆಸರು) ಒಂದು ಖಾನೆ ಸಿಗುತ್ತದೆ. ಅಲ್ಲಿ ಏನು ಬರೆದಿದ್ದಾರೆ? ‘ನಾನ್ ರಿಯಾಕ್ಟಿವ್’ ಅಥವಾ ‘ಎನ್‌ಆರ್’ ಅಂತ, ಅಂದರೆ ಸೋಂಕು ಕಂಡಿಲ್ಲ ಅಂತ ಇದ್ದು, ಪಕ್ಕದಲ್ಲಿ ತಾರೀಖೂ ಇದ್ದರೆ ಸರಿ. ಖಾಲಿ ಇದ್ದರೆ, ಸುಮ್ನೆ ಒಂದು ಗೆರೆ ಎಳೆದಿದ್ದರೆ, ಅಥವಾ ಫಲಿತಾಂಶ ಬರೆಯದೆ ಬರೀ ‘ಮಾಡಿದೆ’ ಅಂತ ಇದ್ದರೆ ಮುಂದೆ ಓದಿ.

ನಾನು ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಆಪ್ತ ಸಮಾಲೋಚಕಿ. ಬಸುರಿಯರ ಎಚ್‌ಐವಿ, ಸಿಫಿಲಿಸ್ ಟೆಸ್ಟಿನ ವಿಷಯವೆಲ್ಲ ನನ್ನ ಟೇಬಲ್ ದಾಟಿಯೇ ಹೋಗಬೇಕು. ಎಚ್‌ಐವಿ ಅಂದರೆ ಎಲ್ಲರೂ ಎದ್ದು ಕೂರುತ್ತಾರೆ. ಸಿಫಿಲಿಸ್ ಅಂದರೆ ‘ಅದೇನು?’ ಅಂತ ಕೇಳುತ್ತಾರೆ. ಲೈಂಗಿಕ ಸಂಪರ್ಕದಿಂದ ಹರಡುವ ಸೋಂಕು ಅದು. ಹಳಬರಿಗೆ ಪರಂಗಿ ಹುಣ್ಣು ಅಂದರೆ ಗೊತ್ತಾಗುತ್ತದೆ, ಆದರೆ ಅದು ತಾತನ ಕಾಲಕ್ಕೇ ಹೋಯಿತು ಅಂದುಕೊಂಡಿದ್ದಾರೆ. ಹೋಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2016ರಲ್ಲಿ ಜಗತ್ತಿನಾದ್ಯಂತ ತಾಯಿಯಿಂದ ಮಗುವಿಗೆ ದಾಟಿದ ಸಿಫಿಲಿಸ್ ಪ್ರಕರಣಗಳು 6 ಲಕ್ಷ 61 ಸಾವಿರ. ಅದರಲ್ಲಿ 2 ಲಕ್ಷಕ್ಕೂ ಜಾಸ್ತಿ ಮಕ್ಕಳು ಹೊಟ್ಟೆಯಲ್ಲೇ ಅಥವಾ ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡವು. ಇದನ್ನು ತಡೆಯೋಕೆ ಬೇಕಾದ ಔಷಧಿ ಹಳೆಯದು, ಅಗ್ಗದ್ದು, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವಂಥದ್ದು. ನನಗೆ ಸಿಟ್ಟು ಬರುವುದು ಅದಕ್ಕೇ.

‘ನನಗ ಏನೂ ಆಗಿಲ್ರಿ’

ಈ ಮಾತು ನಾನು ದಿನಾ ಕೇಳುತ್ತೇನೆ. ನಿಜಾನೇ, ಏನೂ ಆಗಿರುವುದಿಲ್ಲ. ಸಿಫಿಲಿಸ್ ಶುರುವಾಗುವುದು ನೋವೇ ಇಲ್ಲದ ಒಂದು ಹುಣ್ಣಿನಿಂದ. ಹೆಂಗಸರಿಗೆ ಅದು ಒಳಗಡೆ ಆದರೆ ಕಾಣಿಸುವುದೂ ಇಲ್ಲ. ಕೆಲವು ವಾರಕ್ಕೆ ತಾನಾಗಿಯೇ ಮಾಯುತ್ತದೆ. ಆಮೇಲೆ ಯಾವಾಗಲೋ ಅಂಗೈ, ಅಂಗಾಲು, ಮೈಮೇಲೆ ಕೆಂಪಗೆ ಗಂಧೆ ಏಳಬಹುದು. ತುರಿಕೆ ಇರುವುದಿಲ್ಲ, ಹಾಗಾಗಿ ಉಷ್ಣಕ್ಕೆ ಆಗಿರಬೇಕು ಅಂತ ಬಿಡುತ್ತಾರೆ. ಅದೂ ಹೋಗುತ್ತದೆ. ಆಮೇಲೆ ವರ್ಷಗಟ್ಟಲೆ ಏನೂ ಇಲ್ಲ. ರೋಗಾಣು ಮಾತ್ರ ರಕ್ತದಲ್ಲಿ ಇದ್ದೇ ಇರುತ್ತದೆ, ಬಸುರಿಯಾದಾಗ ಮಾಸಿನ ಮೂಲಕ ಮಗುವಿಗೆ ದಾಟುತ್ತದೆ. ಎಷ್ಟನೇ ತಿಂಗಳಲ್ಲಿ ಬೇಕಾದರೂ ದಾಟಬಹುದು. ಸೋಂಕು ಹೊಸದಾಗಿದ್ದಷ್ಟೂ ದಾಟುವ ಸಂಭವ ಜಾಸ್ತಿ.

ಚಿಕಿತ್ಸೆ ಸಿಗದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಏನಾದರೂ ಒಂದು ತೊಂದರೆ ಆಗುತ್ತದೆ. ಗರ್ಭ ಇಳಿಯುವುದು, ಮಗು ಹೊಟ್ಟೆಯಲ್ಲೇ ಹೋಗುವುದು, ದಿನ ತುಂಬುವ ಮೊದಲೇ ಹೆರಿಗೆ, ತೂಕ ಕಡಿಮೆ, ಇಲ್ಲವೇ ಸೋಂಕಿನ ಜೊತೆಗೇ ಹುಟ್ಟುವ ಮಗು. ಆದ್ದರಿಂದ ಲಕ್ಷಣ ನೋಡಿ ಟೆಸ್ಟ್ ಮಾಡಿಸೋಣ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಪ್ರತಿ ಬಸುರಿಗೂ, ಪ್ರತಿ ಸಲದ ಬಸಿರಿಗೂ ಮಾಡಿಸಬೇಕು. ಚೊಚ್ಚಲಿಗೆ ಮಾಡಿಸಿದ್ದೇನೆ, ಎರಡನೆಯದಕ್ಕೆ ಯಾಕೆ ಅಂತ ಕೇಳಬೇಡಿ.

ಯಾವಾಗ, ಎಲ್ಲಿ

ಮುಟ್ಟು ನಿಂತು ಬಸುರಿ ಅಂತ ಗೊತ್ತಾದ ಮೇಲಿನ ಮೊದಲ ಭೇಟಿಯಲ್ಲೇ. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಅನ್ನುವ ಪದ್ಧತಿ ನಮ್ಮ ಕಡೆ ಗಟ್ಟಿಯಾಗಿದೆ. ಓಣಿಗೆಲ್ಲ ಹೇಳಬೇಡಿ, ಆದರೆ ಆಶಾ ಅಕ್ಕನಿಗೆ ಹೇಳಿ. ಅವರ ಬಾಯಿ ಭದ್ರ ಇದೆಯೋ ಇಲ್ಲವೋ ಅಂತ ಅನುಮಾನ ಇದ್ದರೆ ನೇರವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ. ಪ್ರತಿ ತಿಂಗಳು 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ದಿನ, ಡಾಕ್ಟರ್ ಸಿಗುತ್ತಾರೆ, ಟೆಸ್ಟೂ ಆಗುತ್ತದೆ. ಅವತ್ತು ಜನ ಜಾಸ್ತಿ, ಬೆಳಿಗ್ಗೆ ಬೇಗ ಬಂದರೆ ಒಳ್ಳೆಯದು.

ಈಗ ಬಹಳ ಕಡೆ ಬಳಸುವುದು ಎಚ್‌ಐವಿ ಮತ್ತು ಸಿಫಿಲಿಸ್ ಎರಡನ್ನೂ ಒಟ್ಟಿಗೆ ತೋರಿಸುವ ಪುಟ್ಟ ಕಿಟ್. ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಹಾಕುತ್ತಾರೆ, ಮೇಲೆ ಬಾಟಲಿಯ ದ್ರಾವಣ ಬಿಡುತ್ತಾರೆ. 15-20 ನಿಮಿಷದಲ್ಲಿ ಗೆರೆ ಮೂಡುತ್ತದೆ. ಸಿ ಅನ್ನುವ ಕಡೆ ಒಂದೇ ಗೆರೆ ಬಂದರೆ ಎರಡೂ ಇಲ್ಲ. ಸಿಫಿಲಿಸ್ ಜಾಗದಲ್ಲೂ ಗೆರೆ ಬಂದರೆ, ಮಸುಕಾಗಿದ್ದರೂ ಸರಿ, ಮುಂದಿನ ಪರೀಕ್ಷೆ ಆಗಬೇಕು. ಸಿ ಗೆರೆಯೇ ಬರದಿದ್ದರೆ ಆ ಕಿಟ್ ಕೆಟ್ಟಿದೆ, ಬೇರೆಯದರಲ್ಲಿ ಮಾಡಬೇಕು. ಬಸ್ಸು ಹೊರಟುಹೋಗುತ್ತದೆ ಅಂತ ಈ ಇಪ್ಪತ್ತು ನಿಮಿಷ ಕಾಯದೆ ಎದ್ದು ಹೋಗುವವರು ಬಹಳ. ದಯವಿಟ್ಟು ಕೂತಿರಿ. ಫಲಿತಾಂಶವನ್ನು ನಿಮ್ಮ ಕಣ್ಣೆದುರಿಗೇ ಕಾರ್ಡಿಗೆ ಬರೆಸಿಕೊಂಡು ಹೋಗಿ.

ಖಾಸಗಿ ಆಸ್ಪತ್ರೆಗೆ ಹೋಗುವವರಿಗೆ ಒಂದು ಮಾತು. ಅಲ್ಲಿ ಬಸುರಿಯರ ರಕ್ತ ಪರೀಕ್ಷೆಯೆಲ್ಲ ಸೇರಿಸಿ ಒಂದು ಪ್ಯಾಕೇಜ್ ಇರುತ್ತದೆ. ಅದರಲ್ಲಿ ವಿಡಿಆರ್‌ಎಲ್ ಅಥವಾ ಆರ್‌ಪಿಆರ್ (ಎರಡೂ ಸಿಫಿಲಿಸ್ ಟೆಸ್ಟೇ) ಇದೆಯಾ ಅಂತ ಬಿಲ್ ಕಟ್ಟುವ ಮೊದಲೇ ಕೇಳಿ. ರಿಪೋರ್ಟ್ ಬಂದ ಮೇಲೆ ಆ ಸಾಲನ್ನು ನೀವೇ ಹುಡುಕಿ ಓದಿ. ಒಂದು ನರ್ಸಿಂಗ್ ಹೋಮಿನಲ್ಲಿ ನಾಲ್ಕನೇ ತಿಂಗಳಲ್ಲೇ ರಿಯಾಕ್ಟಿವ್ ಅಂತ ಬಂದಿದ್ದ ರಿಪೋರ್ಟು ಫೈಲಿನಲ್ಲೇ ಕೂತಿತ್ತು. ಆ ಹೆಣ್ಣುಮಗಳು ತವರಿಗೆ ಬಂದು, ಹೆರಿಗೆಗೆ ನಮ್ಮಲ್ಲಿ ದಾಖಲಾದಾಗ ನರ್ಸ್ ಫೈಲ್ ತಿರುವಿ ನೋಡಿದರು. ಅಷ್ಟು ತಿಂಗಳು ಯಾರೂ ಆಕೆಗೆ ಹೇಳಿರಲಿಲ್ಲ. ರಕ್ತ ಕೊಟ್ಟಿದ್ದಳು, ದುಡ್ಡು ಕೊಟ್ಟಿದ್ದಳು, ಚಿಕಿತ್ಸೆ ಮಾತ್ರ ಇಲ್ಲ.

ಚೊಚ್ಚಲ ಹೆರಿಗೆ ತವರಲ್ಲಿ, ಹೆಸರು ಬರೆಸಿದ್ದು ಗಂಡನ ಮನೆಯಲ್ಲಿ, ನಡುವೆ ಗುಳೆ ಹೋಗಿ ಬೆಂಗಳೂರಿನ ಶೆಡ್ಡಿನಲ್ಲಿ ನಾಲ್ಕು ತಿಂಗಳು. ನಮ್ಮ ಭಾಗದ ಬಸುರಿಯರ ದಾರಿ ಹೀಗೇ ಇರುತ್ತದೆ. ಕಾರ್ಡ್ ಮಾತ್ರ ಟ್ರಂಕಿನಲ್ಲಿ, ಊರಲ್ಲಿ. ಸೀರೆ ಬಿಟ್ಟು ಹೋದರೂ ಪರವಾಗಿಲ್ಲ, ಕಾರ್ಡ್ ಜೊತೆಗಿರಲಿ. ಮೊಬೈಲಿನಲ್ಲಿ ಎಲ್ಲಾ ಪುಟಗಳ ಫೋಟೋ ಹೊಡೆದಿಟ್ಟುಕೊಳ್ಳಿ.

ಗಂಡ ಹೆಂಡತಿ ತಿಂಗಳುಗಟ್ಟಲೆ ಬೇರೆ ಊರಲ್ಲಿದ್ದರೆ, ಇಬ್ಬರಲ್ಲಿ ಯಾರಿಗಾದರೂ ಗುಪ್ತಾಂಗದಲ್ಲಿ ಹುಣ್ಣು ಆಗಿದ್ದರೆ, ಏಳನೇ ತಿಂಗಳಲ್ಲಿ ಇನ್ನೊಂದು ಸಲ ಟೆಸ್ಟ್ ಕೇಳಿ. ಮೊದಲ ಟೆಸ್ಟ್ ಆದ ಮೇಲೂ ಸೋಂಕು ತಗಲಬಹುದು. ಕುಬುಸದ ತಿಂಗಳು ಅಂತ ನೆನಪಿಟ್ಟುಕೊಂಡರೆ ಮರೆಯುವುದಿಲ್ಲ. ಅಮೆರಿಕದಲ್ಲಿರುವ ಮಗಳಿಗೋ ಸೊಸೆಗೋ ಇದನ್ನು ಕಳಿಸುವವರು ಇದ್ದರೆ: ಅಲ್ಲಿ 2023ರಲ್ಲಿ 3,882 ಮಕ್ಕಳಲ್ಲಿ ತಾಯಿಯಿಂದ ದಾಟಿದ ಸಿಫಿಲಿಸ್ ದಾಖಲಾಯಿತು. ಹಾಗಾಗಿ ಅಲ್ಲಿನ ಹೆರಿಗೆ ತಜ್ಞರ ಸಂಘ 2024ರಿಂದ ಮೊದಲ ಭೇಟಿ, ಕೊನೆಯ ಮೂರು ತಿಂಗಳು, ಹೆರಿಗೆಯ ಹೊತ್ತು ಹೀಗೆ ಮೂರು ಸಲ ಟೆಸ್ಟ್ ಮಾಡಿ ಅನ್ನುತ್ತಿದೆ. ಇತ್ತ ನಮ್ಮ ಪಕ್ಕದ ಶ್ರೀಲಂಕಾ, ಸಿಫಿಲಿಸ್ ತಾಯಿಯಿಂದ ಮಗುವಿಗೆ ಹರಡುವುದನ್ನು ನಿಲ್ಲಿಸಿದ ದೇಶ ಅಂತ 2019ರಲ್ಲಿ ಮಾನ್ಯತೆ ಪಡೆಯಿತು. ದುಡ್ಡಿಗಿಂತ, ಬಿಡದೆ ಎಲ್ಲರಿಗೂ ಟೆಸ್ಟ್ ಮಾಡುವುದು ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಪಾಸಿಟಿವ್ ಬಂದರೆ

ಎದೆ ಒಡೆದುಕೊಳ್ಳಬೇಡಿ. ಕಿಟ್ಟಿನಲ್ಲಿ ಗೆರೆ ಬಂದವರಿಗೆ ಲ್ಯಾಬಿನಲ್ಲಿ ಆರ್‌ಪಿಆರ್ ಮಾಡುತ್ತಾರೆ. ಬಿಳಿ ಕಾರ್ಡಿನ ಮೇಲೆ ದುಂಡನೆಯ ಮನೆಗಳಿರುತ್ತವೆ. ರಕ್ತದ ತಿಳಿಯನ್ನೂ ಇದ್ದಿಲಿನ ಕಣ ಬೆರೆತ ದ್ರಾವಣವನ್ನೂ ಅಲ್ಲಿ ಬೆರೆಸಿ ಎಂಟು ನಿಮಿಷ ತಿರುಗಿಸುತ್ತಾರೆ. ಕಪ್ಪಗೆ ಗಂಟು ಗಂಟಾದರೆ ರಿಯಾಕ್ಟಿವ್. ಆಮೇಲೆ ತಿಳಿಯನ್ನು ತೆಳು ಮಾಡುತ್ತಾ ಹೋಗಿ ಎಲ್ಲಿಯವರೆಗೆ ಗಂಟು ಕಟ್ಟುತ್ತದೆ ನೋಡುತ್ತಾರೆ. 1:4, 1:8, 1:32 ಅಂತ ರಿಪೋರ್ಟಿನಲ್ಲಿ ಇರುವುದು ಅದೇ. ಈ ಅಂಕಿಯನ್ನು ತಪ್ಪದೆ ಬರೆಸಿಕೊಳ್ಳಿ. ಚಿಕಿತ್ಸೆ ಕೆಲಸ ಮಾಡಿತಾ ಅಂತ ತಿಳಿಯುವುದು ಇದು ಇಳಿದಾಗ. 1:32 ಇದ್ದದ್ದು 1:8ಕ್ಕೆ ಬಂದರೆ, ಅಂದರೆ ನಾಲ್ಕು ಪಟ್ಟು ಇಳಿದರೆ, ಒಳ್ಳೆಯ ಸುದ್ದಿ. ಮಗು ಹುಟ್ಟಿದ ಮೇಲೂ ಅಮ್ಮನ ಅಂಕಿ ಬೇಕಾಗುತ್ತದೆ.

ಆರ್‌ಪಿಆರ್ ಒಮ್ಮೊಮ್ಮೆ ಸುಳ್ಳು ಹೇಳುವುದೂ ಉಂಟು. ಬೇರೆ ಜ್ವರ, ಬೇರೆ ಕಾಯಿಲೆ, ಕೆಲವೊಮ್ಮೆ ಬಸುರಿಯಾಗಿರುವುದರಿಂದಲೇ ಸಣ್ಣ ಅಂಕಿ ಬರಬಹುದು. ಆದರೆ ಬಸುರಿಯ ವಿಷಯದಲ್ಲಿ ನಮ್ಮ ರೂಢಿ ಸರಳ: ಕಿಟ್ ಪಾಸಿಟಿವ್ ಬಂದರೆ ಅವತ್ತೇ ಇಂಜೆಕ್ಷನ್, ಉಳಿದ ಪರೀಕ್ಷೆ ಜೊತೆಜೊತೆಗೆ. ಒಂದು ಇಂಜೆಕ್ಷನ್ ಜಾಸ್ತಿಯಾದರೆ ಸೊಂಟ ನೋಯುತ್ತದೆ. ಕಡಿಮೆಯಾದರೆ ಮಗು ಹೋಗಬಹುದು.

ಆ ಇಂಜೆಕ್ಷನ್

ಅದರ ಹೆಸರು ಬೆಂಜಥೀನ್ ಪೆನಿಸಿಲಿನ್. ನಮ್ಮಲ್ಲಿ ನರ್ಸ್‌ಗಳು ಪೆನಿಡ್ಯೂರ್ ಅಂತಲೇ ಕರೆಯುತ್ತಾರೆ. ಬೇಕಾದದ್ದು 24 ಲಕ್ಷ ಯೂನಿಟ್. ಸಾಮಾನ್ಯವಾಗಿ 12 ಲಕ್ಷದ ಎರಡು ಬಾಟಲಿ, ಒಂದೊಂದು ಕುಂಡೆಗೆ ಒಂದೊಂದು. ಬಿಳಿ ಪುಡಿಗೆ ನೀರು ಹಾಕಿ ಕುಲುಕಿದರೆ ಗಟ್ಟಿ ಮಜ್ಜಿಗೆಯಂತೆ ಆಗುತ್ತದೆ. ಸಣ್ಣ ಸೂಜಿಯಲ್ಲಿ ಇಳಿಯುವುದಿಲ್ಲ, ತಡ ಮಾಡಿದರೆ ಸೂಜಿಯೊಳಗೇ ಕಟ್ಟಿಕೊಳ್ಳುತ್ತದೆ. ಅದಕ್ಕೆ ದಪ್ಪ ಸೂಜಿ, ಆಳಕ್ಕೆ, ನಿಧಾನಕ್ಕೆ. ನೋಯುತ್ತದೆ. ಸುಳ್ಳು ಹೇಳುವುದಿಲ್ಲ, ಎರಡು ದಿನ ಕೂರುವಾಗ ಗೊತ್ತಾಗುತ್ತದೆ.

ಹೋಗುವಾಗ ಹೊಟ್ಟೆಗೆ ತಿಂದುಕೊಂಡು ಹೋಗಿ. ಮೊದಲು ಯಾವತ್ತಾದರೂ ಪೆನಿಸಿಲಿನ್‌ನಿಂದ ಮೈಯೆಲ್ಲ ದದ್ದು, ಮುಖ ಊತ, ಉಸಿರು ಕಟ್ಟಿದ್ದು ಆಗಿದ್ದರೆ ಮೊದಲೇ ಹೇಳಿ. ‘ಅಲರ್ಜಿ ಇದೆ’ ಅಂತ ಇಷ್ಟೇ ಹೇಳಿದರೆ ಸಾಲದು, ಏನಾಗಿತ್ತು ಅಂತ ಬಿಡಿಸಿ ಹೇಳಿ. ಯಾವುದೋ ಗುಳಿಗೆಗೆ ಹೊಟ್ಟೆ ಕೆಟ್ಟಿದ್ದನ್ನೂ ಜನ ಅಲರ್ಜಿ ಅನ್ನುತ್ತಾರೆ. ಕೊಟ್ಟ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಬೇಕು. ಅಲರ್ಜಿಯ ಆಘಾತ ಅಪರೂಪ, ಬಂದರೆ ಕೂಡಲೇ ಬರುತ್ತದೆ, ಅದಕ್ಕೆ ಬೇಕಾದ ಔಷಧಿ ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ.

ಆ ಅಪರೂಪದ ಆಘಾತಕ್ಕೆ ಹೆದರಿ ಇಂಜೆಕ್ಷನ್ನೇ ಕೊಡದೆ ‘ದೊಡ್ಡಾಸ್ಪತ್ರೆಗೆ ಹೋಗಿ’ ಅಂತ ಚೀಟಿ ಬರೆಯುವವರೂ ಇದ್ದಾರೆ. ಚೀಟಿ ಹಿಡಿದು ಮನೆಗೆ ಹೋದವರು ವಾಪಸ್ ಬರುವುದು ಎಷ್ಟೋ ತಿಂಗಳ ಮೇಲೆ. ನಿಮಗೆ ಹಾಗೆ ಬರೆದುಕೊಟ್ಟರೆ ಯಾವತ್ತು, ಯಾರನ್ನು, ಎಷ್ಟನೇ ಕೋಣೆಯಲ್ಲಿ ನೋಡಬೇಕು ಅಂತ ಕೇಳಿ ಬರೆಸಿಕೊಳ್ಳಿ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ (ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ಕೊಡುವ ಜಾಗ) ಅಂತ ಬೋರ್ಡ್ ಇರುವ ಕಡೆ ವಿಚಾರಿಸಿ. ದಾರಿ ಗೊತ್ತಾಗದಿದ್ದರೆ 1097 ಏಡ್ಸ್ ಸಹಾಯವಾಣಿಗೆ ಫೋನ್ ಮಾಡಿ, ಪುಕ್ಕಟೆ.

ಬೇರೆ ಮಾತ್ರೆ ಕೊಡಿ, ಸೂಜಿ ಬೇಡ ಅನ್ನುವವರಿಗೆ: ಬಸುರಿಯಾಗಿದ್ದಾಗ ಮಗುವಿಗೂ ನಂಬಿಕೆಯಿಂದ ತಲುಪುವುದು ಪೆನಿಸಿಲಿನ್ ಒಂದೇ. ಕೆಲವು ಮಾತ್ರೆಗಳು ಅಮ್ಮನ ರಕ್ತಕ್ಕೆ ಸರಿ, ಮಾಸು ದಾಟಿ ಸಾಕಷ್ಟು ಹೋಗುವುದಿಲ್ಲ. ಇನ್ನು ಕೆಲವನ್ನು ಬಸುರಿಯರು ತಗೊಳ್ಳಲೇಬಾರದು. ನಿಜವಾಗಿಯೂ ಅಲರ್ಜಿ ಇದ್ದವರಿಗೂ ದೊಡ್ಡ ಆಸ್ಪತ್ರೆಯಲ್ಲಿ ಚೂರು ಚೂರೇ ಕೊಟ್ಟು ಮೈಗೆ ಒಗ್ಗಿಸಿ, ಕೊನೆಗೆ ಪೆನಿಸಿಲಿನ್ನನ್ನೇ ಕೊಡುತ್ತಾರೆ.

ಸೋಂಕು ಯಾವಾಗ ಬಂತು ಅಂತ ಗೊತ್ತಿಲ್ಲದಿದ್ದರೆ ವಾರಕ್ಕೊಂದರಂತೆ ಮೂರು ಸಲ ಕೊಡುತ್ತಾರೆ. ನಮ್ಮಲ್ಲಿ ಬರುವ ಜಾಸ್ತಿ ಜನಕ್ಕೆ ಹೀಗೇ. ಜಾತ್ರೆ, ಮದುವೆ ಅಂತ ನಡುವೆ ಒಂದು ವಾರ ತಪ್ಪಿಸಿದರೆ ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ. ಮೂರೂ ತಾರೀಖನ್ನು ಕಾರ್ಡಿನ ಮೇಲೆ ದೊಡ್ಡದಾಗಿ ಬರೆಸಿ.

ಮೊದಲ ದಿನ ರಾತ್ರಿ ಚಳಿ ಜ್ವರ, ಮೈಕೈ ನೋವು ಬರಬಹುದು. ರೋಗಾಣುಗಳು ಒಟ್ಟಿಗೆ ಸಾಯುವಾಗ ಹಾಗಾಗುತ್ತದೆ. ಪ್ಯಾರಾಸಿಟಮಾಲ್ ಸಾಕು, ಒಂದು ದಿನದಲ್ಲಿ ಇಳಿಯುತ್ತದೆ. ಹೊಟ್ಟೆ ಬಿಗಿಹಿಡಿದು ನೋವು ಬಂದರೆ, ಮಗುವಿನ ಮಿಸುಕಾಟ ಕಡಿಮೆ ಅನ್ನಿಸಿದರೆ ಮಾತ್ರ ಕಾಯಬೇಡಿ, 108 ಕರೆಯಿರಿ.

ಇನ್ನೊಂದು ಲೆಕ್ಕ. ಹೆರಿಗೆಗೆ ಕಡಿಮೆಯೆಂದರೆ 30 ದಿನ ಮೊದಲೇ ಚಿಕಿತ್ಸೆ ಶುರುವಾಗಿದ್ದರೆ ಮಾತ್ರ ಮಗುವಿಗೆ ಸಾಕಷ್ಟು ಆಯಿತು ಅಂತ ಎಣಿಸುತ್ತಾರೆ. ಎಂಟನೇ ತಿಂಗಳು ಕಳೆದ ಮೇಲೆ ಗೊತ್ತಾದರೂ ಕೊಡಲೇಬೇಕು, ಆದರೆ ಮಗುವಿಗೂ ಚಿಕಿತ್ಸೆ ಬೇಕಾಗುತ್ತದೆ ಅನ್ನುವುದಕ್ಕೆ ಸಿದ್ಧರಾಗಿ.

ಗಂಡನಿಗೆ ಹೇಳುವುದು

‘ನಮ್ಮನಿಯವರಿಗೆ ಹೆಂಗ ಹೇಳ್ಲಿ ಅಕ್ಕಾ?’ ಇಂಜೆಕ್ಷನ್ನಿಗಿಂತ ಇದೇ ಕಷ್ಟ. ನೀವೊಬ್ಬರೇ ಹೇಳಬೇಕಾಗಿಲ್ಲ. ಬಸುರಿಯರ ಗಂಡಂದಿರನ್ನೂ ರಕ್ತ ಪರೀಕ್ಷೆಗೆ ಕರೆಯುವುದು ನಮ್ಮ ರೂಢಿ. ‘ಆಸ್ಪತ್ರೆಯವರು ನಿಮ್ಮನ್ನೂ ಕರಕೊಂಡು ಬಾ ಅಂದಾರ’ ಅಂತ ಇಷ್ಟು ಹೇಳಿ ಕರೆತನ್ನಿ, ಉಳಿದದ್ದು ನಮ್ಮ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು, ನಾವು ಮಾತಾಡುತ್ತೇವೆ. ಅತ್ತೆ ಒಳಗೆ ಬರುವ ಹಾಗಿಲ್ಲ. ಹೊಡೆಯುತ್ತಾರೆ ಅನ್ನುವ ಭಯ ಇದ್ದರೆ ಮೊದಲು ನಮಗೆ ಹೇಳಿ, ಬೇರೆ ದಾರಿ ನೋಡೋಣ. 181 ಮಹಿಳಾ ಸಹಾಯವಾಣಿಯೂ ಇದೆ.

ಮಾತು ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತು. ಯಾರಿಂದ ಬಂತು? ಇದಕ್ಕೆ ನಮ್ಮ ಯಾವ ಟೆಸ್ಟೂ ಉತ್ತರ ಹೇಳುವುದಿಲ್ಲ. ಮದುವೆಗೂ ಎಷ್ಟೋ ವರ್ಷ ಮೊದಲಿನದ್ದಿರಬಹುದು. ಮೊದಲು ಟೆಸ್ಟ್ ಆದವರು ಹೆಂಡತಿ ಅನ್ನುವ ಕಾರಣಕ್ಕೆ ರೋಗ ಅವಳಿಂದ ಬಂತು ಅಂತ ಆಗುವುದಿಲ್ಲ. ಬಸುರಿಯರಿಗೆ ಟೆಸ್ಟ್ ಇದೆ, ಹೆಂಡತಿ ಬಸುರಿಯಾಗುವ ಮೊದಲು ಗಂಡಸರಿಗೆ ಹಾಗೆ ಯಾರೂ ಕರೆದು ಮಾಡುವುದಿಲ್ಲ, ಅಷ್ಟೇ. ಗಂಡನಿಗೆ ಚಿಕಿತ್ಸೆ ಆಗದಿದ್ದರೆ ವಾಸಿಯಾದ ಹೆಂಡತಿಗೆ ಮತ್ತೆ ತಗಲಬಹುದು, ಮಗುವಿನ ತನಕ ಮತ್ತೆ ಅದೇ ಕಥೆ. ಇಬ್ಬರ ಚಿಕಿತ್ಸೆಯೂ ಮುಗಿದು ಇನ್ನೊಂದು ವಾರ ಕಳೆಯುವ ತನಕ ದೂರ ಇರಿ. ಆಗದಿದ್ದರೆ ನಿರೋಧ್ ಬಳಸಿ, ನಮ್ಮಲ್ಲಿ ಪುಕ್ಕಟೆ ಇದೆ.

ಹೋದ ಮಗುವಿನ ಲೆಕ್ಕ

ಒಬ್ಬರು ಬಂದಿದ್ದರು, ಮೂರನೇ ಬಸುರು. ಮೊದಲನೆಯದು ಐದು ತಿಂಗಳಿಗೆ ಇಳಿದಿತ್ತು, ಎರಡನೆಯದು ಹುಟ್ಟುವಾಗಲೇ ಉಸಿರಿರಲಿಲ್ಲ. ದೃಷ್ಟಿ ತೆಗೆಸಿದ್ದರು, ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದರು, ಮನೆ ಬದಲಿಸಿದ್ದರು. ಹರಕೆ ಇರಲಿ, ನಾನೂ ಹುಲಿಗಿಗೆ ಹೋಗುವವಳೇ. ಆದರೆ ಎರಡು ಮಗು ಹೋದ ಮೇಲೂ ಯಾರೂ ಈ ಟೆಸ್ಟ್ ಮಾಡಿಸಿರಲಿಲ್ಲ. ಮಾಡಿದಾಗ 1:64. ಮೂರು ವಾರ ಇಂಜೆಕ್ಷನ್, ಗೌಂಡಿ ಕೆಲಸಕ್ಕೆ ಹೋಗಿದ್ದ ಗಂಡನನ್ನು ಕರೆಸಿ ಅವರಿಗೂ. ಒಂಬತ್ತು ತುಂಬಿ ಹೆಣ್ಣುಮಗು ಹುಟ್ಟಿತು. ತವರಿನವರು ಆಸ್ಪತ್ರೆಗೆಲ್ಲ ಪೇಡಾ ಹಂಚಿದರು.

ಗರ್ಭ ತಡವಾಗಿ ಇಳಿದಿದ್ದರೆ, ಸತ್ತ ಮಗು ಹುಟ್ಟಿದ್ದರೆ, ಆಸ್ಪತ್ರೆ ಬಿಡುವ ಮೊದಲೇ ‘ಸಿಫಿಲಿಸ್ ಟೆಸ್ಟ್ ಆಗಿದೆಯಾ?’ ಅಂತ ಯಾರಾದರೂ ಕೇಳಿ. ಆ ಹೊತ್ತಿನಲ್ಲಿ ಆಕೆಗೆ ಕೇಳುವ ತ್ರಾಣ ಇರುವುದಿಲ್ಲ. ಅಣ್ಣನೋ ಅಕ್ಕನೋ ಕೇಳಬೇಕು.

ಮಗು ಹುಟ್ಟಿದ ಮೇಲೆ

ಸೋಂಕು ದಾಟಿದ ಮಗುವೂ ಹುಟ್ಟುವಾಗ ಬಹಳ ಸಲ ಚೆನ್ನಾಗಿಯೇ ಕಾಣುತ್ತದೆ. ಮುದ್ದಾಗಿದೆ, ಅಳುತ್ತದೆ, ಹಾಲು ಕುಡಿಯುತ್ತದೆ. ವಾರಗಳ ಮೇಲೆ ನಿಲ್ಲದ ಮೂಗು ಸೋರುವುದು, ಕೆಲವೊಮ್ಮೆ ರಕ್ತ ಬೆರೆತು, ಅಂಗೈ ಅಂಗಾಲಿನ ಚರ್ಮ ಸುಲಿಯುವುದು, ಹೊಟ್ಟೆ ದಪ್ಪಗಾಗುವುದು, ಕೈ ಎತ್ತಿದರೆ ಚೀರುವುದು, ಏಕೆಂದರೆ ಎಲುಬಿಗೇ ಪೆಟ್ಟಾಗಿರುತ್ತದೆ. ಆಗಲೂ ಬಿಟ್ಟರೆ ವರ್ಷಗಳ ಮೇಲೆ ಕಣ್ಣು, ಕಿವಿ, ಹಲ್ಲು ಕೆಡಬಹುದು. ಹಾಗಾಗಿ ಅಮ್ಮನಿಗೆ ಪಾಸಿಟಿವ್ ಇದ್ದರೆ ಮಗುವಿನ ರಕ್ತವನ್ನೂ ಪರೀಕ್ಷಿಸುತ್ತಾರೆ. ಹೊಕ್ಕುಳಬಳ್ಳಿಯ ರಕ್ತ ಅಲ್ಲ, ಮಗುವಿನದೇ ಆಗಬೇಕು. ಅಮ್ಮನ ಅಂಕಿಗಿಂತ ನಾಲ್ಕು ಪಟ್ಟು ಜಾಸ್ತಿ ಬಂದರೆ ಸೋಂಕು ಮಗುವಿನದೇ. ಕಡಿಮೆ ಅಂಕಿ ಬಂದರೆ ಅಮ್ಮನಿಂದ ಬಂದ ಪ್ರತಿಕಾಯವೇ (ಸೋಂಕಿನ ವಿರುದ್ಧ ಮೈ ತಯಾರಿಸುವ ಅಂಶ) ಆಗಿರಬಹುದು.

ಡಾಕ್ಟರ್ ಮಗುವಿಗೆ ಪೆನಿಸಿಲಿನ್ ಬೇಕು ಅಂದರೆ ಅದು 10 ದಿನದ್ದು. ಐದನೇ ದಿನಕ್ಕೆ ‘ಮಗು ಚೆನ್ನಾಗಿದೆ, ಬಾಣಂತಿಗೆ ಮನೆ ನೀರು ಬೇಕು’ ಅಂತ ಸಹಿ ಹಾಕಿ ಹೊರಡುವ ಹಿರಿಯರನ್ನು ತಡೆಯುವುದೇ ನಮಗೆ ದೊಡ್ಡ ಕೆಲಸ. ಒಂದು ದಿನಕ್ಕಿಂತ ಜಾಸ್ತಿ ತಪ್ಪಿದರೆ ಹತ್ತೂ ದಿನ ಹೊಸದಾಗಿ. ಎದೆಹಾಲು ಕೊಡಬಹುದು, ಕೊಡಲೇಬೇಕು. ಮೊಲೆಯ ಮೇಲೆ ಸಿಫಿಲಿಸ್ ಹುಣ್ಣು ಇದ್ದರೆ ಮಾತ್ರ ಆ ಕಡೆಯದು ಬೇಡ.

ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಮಗುವಿನ ಆರ್‌ಪಿಆರ್. ಅಮ್ಮನ ಪ್ರತಿಕಾಯವೇ ಆಗಿದ್ದರೆ ಆರು ತಿಂಗಳ ಹೊತ್ತಿಗೆ ಪೂರ್ತಿ ಹೋಗಬೇಕು. ನೆನಪಿಡುವುದು ಕಷ್ಟ ಅಲ್ವಾ? ಲಸಿಕೆಯ ದಿನಕ್ಕೆ ಗಂಟು ಹಾಕಿ. ಮೂರನೇ ಪೆಂಟಾ 14 ವಾರಕ್ಕೆ, ಎಂಆರ್ ಒಂಬತ್ತು ತಿಂಗಳಿಗೆ. ಅವತ್ತು ಹೇಗೂ ಬರುತ್ತೀರಿ, ನಡುವೆ ಆರು ತಿಂಗಳಿಗೆ ಒಂದು ಸಲ ಬಂದರೆ ಆಯಿತು. ಬೆರಳು ಚುಚ್ಚುವ ಕಿಟ್ಟಿನಲ್ಲಿ ಮಾತ್ರ 18 ತಿಂಗಳೊಳಗೆ ನೋಡಿ ಗಾಬರಿಯಾಗಬೇಡಿ, ಅಮ್ಮನದ್ದೇ ಅಷ್ಟು ದಿನ ತೋರಿಸುತ್ತಿರಬಹುದು.

ಅಮ್ಮಂದಿರಿಗೂ ಇದೇ ಮಾತು. ಒಮ್ಮೆ ಪಾಸಿಟಿವ್ ಬಂದವರಿಗೆ, ಪೂರ್ತಿ ವಾಸಿಯಾದ ಮೇಲೂ, ಆ ಕಿಟ್ ಸಾಮಾನ್ಯವಾಗಿ ಜೀವನಪೂರ್ತಿ ಗೆರೆ ತೋರಿಸುತ್ತದೆ. ಮುಂದಿನ ಬಸಿರಿನಲ್ಲಿ ಗೆರೆ ನೋಡಿ ಹೊಸ ನರ್ಸ್ ಹೌಹಾರಿದರೆ, ಮನೆಯಲ್ಲಿ ಮತ್ತೆ ಜಗಳ ಎದ್ದರೆ, ತೋರಿಸಲು ಕಾಗದ ಬೇಕು: ಹಳೆಯ ಆರ್‌ಪಿಆರ್ ಅಂಕಿ, ಇಂಜೆಕ್ಷನ್ ಕೊಟ್ಟ ತಾರೀಖುಗಳು, ಆಮೇಲೆ ಇಳಿದ ಅಂಕಿ. ಎರಡು ಜೆರಾಕ್ಸ್ ತೆಗೆಸಿ, ಒಂದು ತವರಲ್ಲಿರಲಿ, ಒಂದು ನಿಮ್ಮ ಕೈಯಲ್ಲಿರಲಿ.